ಹಳೆಯ ಅಡಿಗೆ ಮನೆಯ ಸುಧಾರಣೆ: ಕಡಿಮೆ ಖರ್ಚು, ಸ್ವಂತ ದುಡಿಮೆ

ಸುಗ್ಗಿಯ ಹಣ ಕೈಸೇರಿದ ವರ್ಷ ರೈತನ ಮನೆಯಲ್ಲಿ ಮೊದಲು ಬದಲಾಗುವುದು ಮುಂಭಾಗ. ಜಗಲಿಗೆ ನುಣುಪಾದ ನೆಲ ಬರುತ್ತದೆ, ನಡುಮನೆಗೆ ಬಣ್ಣ ಬರುತ್ತದೆ, ದನದ ಕೊಟ್ಟಿಗೆಗೂ ತಗಡಿನ ಚಾವಣಿ ಬರುತ್ತದೆ. ಹಿಂಭಾಗದ ಅಡಿಗೆ ಮನೆಯ ಸರದಿ ಬರುವ ಹೊತ್ತಿಗೆ ಹಣ ಮುಗಿದಿರುತ್ತದೆ. ಹೀಗಾಗಿ ಅಜ್ಜಿಯ ಕಾಲದ ಮಸಿ ಹಿಡಿದ ಗೋಡೆ, ಕಿಟಕಿಯಿಲ್ಲದ ಮೂಲೆ, ಬಗ್ಗಿ ಊದುವ ಒಲೆ, ಬಾಗಿಲ ಹಿಂದೆಯೇ ನಿಲ್ಲುವ ಮುಸುರೆ ನೀರು ಇವೆಲ್ಲ ಹಾಗೆಯೇ ಉಳಿದುಕೊಂಡು ಬಂದಿವೆ.

ಈ ಕೋಣೆಯಲ್ಲಿ ದಿನದ ಎಷ್ಟು ಹೊತ್ತು ಕಳೆಯುತ್ತದೆಂಬುದನ್ನು ಲೆಕ್ಕ ಹಾಕಿದವರು ಕಡಿಮೆ. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷಗಳನ್ನು, ಎಂದರೆ ಸುಮಾರು ಐದು ಗಂಟೆಗಳನ್ನು ಅದಕ್ಕೇ ವಿನಿಯೋಗಿಸುತ್ತಾರೆ. ಅದರಲ್ಲಿ ದೊಡ್ಡ ಪಾಲು ಒಲೆಯ ಮುಂದೆ ಕಳೆಯುವಂಥದು. ಹೊಲದ ಕೆಲಸ ಇದಕ್ಕೆ ಹೊರತು.

ಅಡಿಗೆ ಮನೆಯನ್ನು ಸುಧಾರಿಸಬೇಕೆಂದರೆ ಅದನ್ನು ಕೆಡವಿ ಹೊಸದಾಗಿ ಕಟ್ಟಬೇಕಾಗಿಲ್ಲ. ಪಟ್ಟಣದ ಅಂಗಡಿಗಳಲ್ಲಿ ತೋರಿಸುವ ಹೊಳೆಯುವ ಟೈಲ್ಸು, ಗೋಡೆಯುದ್ದದ ಕಪಾಟು ಇವುಗಳಿಂದ ಆರಂಭಿಸುವುದಂತೂ ಸರಿಯಲ್ಲ. ಹೊಗೆ ಹೊರಗೆ ಹೋಗದ ಕೋಣೆಯಲ್ಲಿ ಟೈಲ್ಸು ಕೂಡ ಒಂದೇ ವರ್ಷದಲ್ಲಿ ಕಪ್ಪಾಗುತ್ತದೆ. ಇರುವ ಅಲ್ಪ ಹಣವನ್ನು ಮೊದಲು ಹೊಗೆಗೆ, ಬಳಿಕ ಬೆಳಕಿಗೆ, ಆಮೇಲೆ ಕೆಲಸ ಮಾಡುವ ಕಟ್ಟೆಗೆ, ಅನಂತರ ನೀರಿನ ಹರಿವಿಗೆ ಹಾಕಬೇಕು. ಬಣ್ಣ, ಅಲಂಕಾರ ಕಡೆಗೆ. ಇವುಗಳಲ್ಲಿ ಬಹುಪಾಲು ಕೆಲಸವನ್ನು ಬೇಸಿಗೆಯ ಬಿಡುವಿನಲ್ಲಿ ಮನೆಮಂದಿಯೇ ಮಾಡಿಕೊಳ್ಳಬಹುದು. ಮಣ್ಣಿನ ಗೋಡೆ ಒಣಗಿರುವ ಕಾಲವೂ ಅದೇ.

ಮೊದಲು ಹೊಗೆ

ಸೌದೆ, ತೊಗರಿ ಕಡ್ಡಿ, ಹತ್ತಿ ಕಟ್ಟಿಗೆ, ಬೆರಣಿ ಯಾವುದೇ ಇರಲಿ, ಅರೆಬರೆ ಉರಿದಾಗ ಹೊರಬರುವ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲವೂ ಶ್ವಾಸಕೋಶದ ಆಳಕ್ಕೆ ಇಳಿಯುವ ಅತಿ ಸೂಕ್ಷ್ಮ ಕಣಗಳೂ ಇರುತ್ತವೆ. ಕಣ್ಣುರಿ, ಕೆಮ್ಮು ಕಣ್ಣಿಗೆ ಕಾಣುವ ತೊಂದರೆಗಳು. ವರ್ಷಗಟ್ಟಲೆ ಹೊಗೆ ಕುಡಿದವರಲ್ಲಿ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಮತ್ತು ಕಣ್ಣಿನ ಪೊರೆ ಹೆಚ್ಚು. ಒಲೆಯ ಬಳಿ ತಾಯಿಯ ಮಗ್ಗುಲಲ್ಲೇ ಇರುವ ಎಳೆಯ ಮಕ್ಕಳಲ್ಲಿ ನ್ಯುಮೋನಿಯಾ ಹೆಚ್ಚು. ‘ಹೊಗೆಯಿಂದ ಹುಳ ಹಿಡಿಯುವುದಿಲ್ಲ, ತೊಲೆ ಗಟ್ಟಿಯಾಗುತ್ತದೆ’ ಎಂದು ಹಿರಿಯರು ಹೇಳುವುದುಂಟು. ತೊಲೆಗೆ ಅದು ಒಳ್ಳೆಯದಿರಬಹುದು, ಅದರ ಕೆಳಗೆ ಕುಳಿತವರಿಗೆ ಅಲ್ಲ.

ಸಾಮಾನ್ಯ ಮಣ್ಣಿನ ಒಲೆಯಲ್ಲಿ ಉರಿದ ಸೌದೆಯ ಶಾಖದಲ್ಲಿ ಪಾತ್ರೆಗೆ ತಲಪುವುದು ನೂರಕ್ಕೆ ಸುಮಾರು 10 ಭಾಗ ಮಾತ್ರ. ಉಳಿದದ್ದು ಒಲೆಯ ಬಾಯಿಂದ, ಪಾತ್ರೆಯ ಸಂದುಗಳಿಂದ ಪೋಲಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರದ ವಿಜ್ಞಾನಿಗಳು ಈ ವಿಷಯವನ್ನು ಕೈಗೆತ್ತಿಕೊಂಡು ರೂಪಿಸಿದ ‘ಅಸ್ತ್ರ ಒಲೆ’ ಕರ್ನಾಟಕದ ಹಳ್ಳಿಗಳಿಗೆ ಪರಿಚಿತವೇ ಆಗಿದೆ. ಮೂರು ಪಾತ್ರೆಗಳು ಸಾಲಾಗಿ ಕೂರುವ ಈ ಒಲೆಯಲ್ಲಿ ಸೌದೆ ಕಬ್ಬಿಣದ ಜಾಲರಿಯ ಮೇಲೆ ಉರಿಯುತ್ತದೆ. ಕೆಳಗಿನಿಂದ ಗಾಳಿ ಸಿಗುತ್ತದೆ, ಸೌದೆ ಹಾಕುವ ಬಾಯಿಯನ್ನು ಮುಚ್ಚಬಹುದು, ಮೂರನೆಯ ಪಾತ್ರೆಯನ್ನು ದಾಟಿದ ಹೊಗೆ ಕೊಳವೆಯ ಮೂಲಕ ಹೊರಹೋಗುತ್ತದೆ. ಪ್ರಯೋಗಗಳಲ್ಲಿ ಇದರ ದಕ್ಷತೆ ನೂರಕ್ಕೆ 30ನ್ನೂ ಮೀರಿತ್ತು. 1980ರ ದಶಕದಲ್ಲಿ ಸರ್ಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಕೈಗೊಂಡಾಗ ಇಂಥ ಒಲೆಗಳು ಅನೇಕ ಮನೆಗಳಿಗೆ ಬಂದವು. ಕೆಲವು ಮನೆಗಳಲ್ಲಿ ಬಹುಕಾಲ ಬಾಳಿದವು, ಹಲವು ಮನೆಗಳಲ್ಲಿ ಒಂದೆರಡು ವರ್ಷಕ್ಕೇ ಮೂಲೆ ಸೇರಿದವು. ಕೊಳವೆಯ ಮಸಿ ತೆಗೆಯದಿದ್ದುದು, ಕಟ್ಟಿದ ಅಳತೆಗೂ ಮನೆಯ ಪಾತ್ರೆಗೂ ಹೊಂದದಿದ್ದುದು ಇದಕ್ಕೆ ಮುಖ್ಯ ಕಾರಣಗಳಾಗಿದ್ದವು.

ಆ ಅನುಭವದ ಪಾಠ ಈಗಲೂ ಉಪಯುಕ್ತ. ಮನೆಯಲ್ಲಿರುವ ಕೋಡೊಲೆಯನ್ನೇ ಸರಿಪಡಿಸಿಕೊಳ್ಳುವವರು ದಿನವೂ ಬಳಸುವ ಪಾತ್ರೆಗಳನ್ನು ಎದುರಿಗಿಟ್ಟುಕೊಂಡು ಅಳತೆ ತೆಗೆಯಬೇಕು. ಪಾತ್ರೆಯ ತಳ ಒಲೆಯ ಕಣ್ಣಿನೊಳಗೆ ಒಂದು ಅಂಗುಲದಷ್ಟು ಇಳಿದು ಸುತ್ತಲೂ ಸಂದಿಲ್ಲದಂತೆ ಕೂರಬೇಕು. ಬಾಯಿ ಅಗಲವಾದಷ್ಟೂ ತಣ್ಣನೆಯ ಗಾಳಿ ನುಗ್ಗಿ ಉರಿಯನ್ನು ಆರಿಸುತ್ತದೆ. ಆದುದರಿಂದ ಎರಡು ಮೂರು ಸೀಳು ಸೌದೆ ಹಿಡಿಯುವಷ್ಟಕ್ಕೆ ಅದನ್ನು ಕಿರಿದು ಮಾಡಬೇಕು. ಜೇಡಿಮಣ್ಣು, ಸೆಗಣಿ, ಹೊಟ್ಟು ಸೇರಿಸಿ ತುಳಿದು, ಎರಡು ಮೂರು ದಿನ ಕೊಳೆಹಾಕಿದ ಮಣ್ಣಿನಿಂದ ಮೆತ್ತಿದರೆ ಬಿರುಕು ಕಡಿಮೆ. ಮೆತ್ತಿದ ಒಲೆ ವಾರದಿಂದ ಹತ್ತು ದಿನ ನೆರಳಿನಲ್ಲಿ ಒಣಗಲಿ. ಮೊದಲ ದಿನವೇ ದೊಡ್ಡ ಉರಿ ಹಾಕಿದರೆ ಅದು ಸೀಳುತ್ತದೆ.

ಹೊಗೆ ಕೊಳವೆ 3 ರಿಂದ 4 ಅಂಗುಲ ವ್ಯಾಸದ್ದಿದ್ದರೆ ಸಾಕು. ಸುಟ್ಟ ಮಣ್ಣಿನ ಕೊಳವೆ ಅಗ್ಗ ಮತ್ತು ತುಕ್ಕು ಹಿಡಿಯುವುದಿಲ್ಲ. ಸತುವಿನ ತಗಡಿನದು ಹಗುರ, ಆದರೆ ಕೆಲವು ವರ್ಷಗಳಲ್ಲಿ ಬದಲಾಯಿಸಬೇಕಾಗುತ್ತದೆ. ಹಿಂದೆ ಕಲ್ನಾರು ಸಿಮೆಂಟಿನ ಕೊಳವೆಗಳನ್ನು ಹೆಚ್ಚಾಗಿ ಹಾಕುತ್ತಿದ್ದರು. ಕಲ್ನಾರಿನ ಎಳೆ ಶ್ವಾಸಕೋಶಕ್ಕೆ ಅಪಾಯಕಾರಿಯೆಂದು ಖಚಿತವಾಗಿರುವುದರಿಂದ ಹೊಸದಾಗಿ ಅದನ್ನು ಬಳಸಬಾರದು, ಹಳೆಯದನ್ನು ಗರಗಸದಿಂದ ಕುಯ್ಯಲೂಬಾರದು. ಕೊಳವೆಯ ತುದಿ ಚಾವಣಿಯ ನೆತ್ತಿಗಿಂತ ಎರಡು ಅಡಿ ಮೇಲಿರಬೇಕು. ತಗ್ಗಾಗಿದ್ದರೆ ಗಾಳಿ ಹೊಗೆಯನ್ನು ಮತ್ತೆ ಒಳಕ್ಕೇ ತಳ್ಳುತ್ತದೆ. ಮಳೆ ಬೀಳದಂತೆ ತಗಡಿನ ಟೋಪಿ ಬೇಕು. ಹುಲ್ಲು ಅಥವಾ ಸೋಗೆ ಹೊದಿಸಿದ ಮನೆಯಲ್ಲಿ ಕೊಳವೆಯನ್ನು ಚಾವಣಿಯ ಮೂಲಕ ತೆಗೆಯಲೇಬಾರದು. ಪಕ್ಕದ ಗೋಡೆಯಿಂದ ಹೊರತೆಗೆದು, ಸೂರಿನಿಂದ ದೂರವಾಗಿ ಮೇಲೇರಿಸಬೇಕು.

ತಿಂಗಳಿಗೊಮ್ಮೆ ಉದ್ದನೆಯ ಕೋಲಿಗೆ ಗೋಣಿ ಸುತ್ತಿ ಕೊಳವೆಯ ಮಸಿ ತೆಗೆಯುವುದನ್ನು ಮರೆಯಬಾರದು. ಎರಡನೆಯ ಕಣ್ಣಿನ ಮೇಲೆ ಪಾತ್ರೆ ಇಲ್ಲದಾಗ ಅದನ್ನು ಮುಚ್ಚಳದಿಂದ ಮುಚ್ಚಬೇಕು. ಇಲ್ಲವಾದರೆ ಹೊಗೆಯೆಲ್ಲ ಅಲ್ಲಿಂದಲೇ ಕೋಣೆಗೆ ಬರುತ್ತದೆ, ಒಲೆಯ ಮೇಲೆ ತಪ್ಪು ಹೊರಿಸಲಾಗುತ್ತದೆ.

ಅನಿಲ ಬಂದ ಮೇಲೆ

2016ರ ಮೇ ತಿಂಗಳಲ್ಲಿ ಉಜ್ವಲಾ ಯೋಜನೆ ಆರಂಭವಾದ ಮೇಲೆ ಬಡ ಕುಟುಂಬಗಳಿಗೂ ಅನಿಲ ಒಲೆ ದೊರೆತಿದೆ. ಆದರೂ ಸ್ನಾನದ ನೀರಿಗೆ, ದನದ ಕಲಗಚ್ಚಿಗೆ, ಹಬ್ಬದ ದೊಡ್ಡ ಅಡಿಗೆಗೆ ಸೌದೆಯ ಒಲೆಯನ್ನು ಉಳಿಸಿಕೊಂಡ ಮನೆಗಳೇ ಹೆಚ್ಚು. ಎರಡನ್ನೂ ಒಂದೇ ಮುಚ್ಚಿದ ಕೋಣೆಯಲ್ಲಿ ಇಡುವುದು ಅಪಾಯ. ಸೌದೆಯ ಒಲೆಯನ್ನು ಹಿತ್ತಿಲ ಜಗಲಿಗೋ ಬಚ್ಚಲ ಬಳಿಗೋ ಸಾಗಿಸಿದರೆ ಅರ್ಧ ಸುಧಾರಣೆ ಖರ್ಚಿಲ್ಲದೆ ಆದಂತೆ.

ಅಡಿಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ನೆಲಮಟ್ಟದಲ್ಲಿ ಹರಡಿ ನಿಲ್ಲುತ್ತದೆ. ಆದುದರಿಂದ ಮೇಲಿನ ಕಿಟಕಿಯೊಂದೇ ಸಾಲದು, ಬಾಗಿಲ ಕೆಳಗೋ ಗೋಡೆಯ ಬುಡದಲ್ಲೋ ಒಂದು ಕಿಂಡಿ ಇರಬೇಕು. ಇಲಿ ಬಾರದಂತೆ ಅದಕ್ಕೆ ಜಾಲರಿ ಹಾಕಬಹುದು. ಸಿಲಿಂಡರನ್ನು ನೇರವಾಗಿ ನಿಲ್ಲಿಸಬೇಕು, ತಗ್ಗಿನ ಗುಂಡಿಯಲ್ಲಿ ಇಡಬಾರದು, ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು. ಸೋರಿಕೆಯ ದೂರಿಗೆ 1906 ಎಂಬ ದೂರವಾಣಿ ಸಂಖ್ಯೆಯನ್ನು ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆದಿಡುವುದು ಒಳ್ಳೆಯದು. ನಾಲ್ಕೈದು ದನಗಳಿರುವ ಮನೆಯವರು ಗೋಬರ್ ಅನಿಲವನ್ನೂ ಯೋಚಿಸಬಹುದು. 2 ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸೆಗಣಿ ಬೇಕು. ಹೊರಬಂದ ಬಗ್ಗಡ ಹೊಲಕ್ಕೆ ಗೊಬ್ಬರ.

ಬೆಳಕು ಮತ್ತು ಗಾಳಿ

ಮಂಗಳೂರು ಹೆಂಚಿನ ಮನೆಗೆ ಬೆಳಕು ತರುವುದು ಅತಿ ಸುಲಭ. ಎರಡು ಹೆಂಚು ತೆಗೆದು ಅದೇ ಅಳತೆಯ ಗಾಜಿನ ಹೆಂಚು ಕೂರಿಸಿದರೆ ಹಗಲಿನಲ್ಲಿ ದೀಪ ಬೇಡ. ಕೆಲಸ ಮಾಡುವ ಜಾಗದ ಮೇಲೆ ಬೆಳಕು ಬೀಳುವಂತೆ ಸ್ಥಳ ಆರಿಸಬೇಕು. ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿ ಇದ್ದೇ ಇರುತ್ತದೆ. ಆದರೆ ಮಳೆಗಾಲದಲ್ಲಿ ಮುಚ್ಚಿದ್ದು ಮತ್ತೆ ತೆರೆಯದೆ ಉಳಿದಿರುವುದೂ ಉಂಟು. ಅದರ ಸುತ್ತ ಅರ್ಧ ಅಡಿ ಎತ್ತರದ ಇಟ್ಟಿಗೆಯ ಕಟ್ಟು ಕಟ್ಟಿ, ಮೇಲೆ ಗಾಜು ಕೂರಿಸಿ, ಪಕ್ಕಗಳಲ್ಲಿ ಗಾಳಿಗೆ ಸಂದು ಬಿಟ್ಟರೆ ವರ್ಷವಿಡೀ ತೆರೆದೇ ಇರುತ್ತದೆ.

ಗೋಡೆಗೆ ಕಿಟಕಿ ಕೊರೆಯುವ ಕೆಲಸದಲ್ಲಿ ಮಾತ್ರ ಎಚ್ಚರ ಬೇಕು. ಹಳೆಯ ಮನೆಗಳಲ್ಲಿ ಚಾವಣಿಯ ಭಾರವೆಲ್ಲ ಗೋಡೆಯ ಮೇಲೆಯೇ ಇರುತ್ತದೆ. ತೊಲೆ ಕೂತ ಜಾಗದ ಕೆಳಗೆ ಹಾಗೂ ಮೂಲೆಯಿಂದ ಎರಡು ಅಡಿಯೊಳಗೆ ಕೊರೆಯಲೇಬಾರದು. ಎರಡಡಿ ಅಗಲಕ್ಕಿಂತ ಹೆಚ್ಚಿನ ಕಿಟಕಿಯ ಆಸೆ ಬೇಡ. ಮೊದಲು ಒಳಗಿನಿಂದ ಚಾವಣಿಗೆ ಮರದ ಊರೆ ಕೊಟ್ಟು, ಕಿಟಕಿಯ ತಲೆ ಬರುವ ಮಟ್ಟದಲ್ಲಿ ಗೋಡೆಯ ದಪ್ಪದ ಹೊರ ಅರ್ಧವನ್ನು ಮಾತ್ರ ಅಡ್ಡಲಾಗಿ ಕೊರೆಯಬೇಕು. ಅಲ್ಲಿ ಅಡ್ಡಗಲ್ಲನ್ನೋ ಗಟ್ಟಿ ಮರದ ತುಂಡನ್ನೋ ಕೂರಿಸಿ ಗಾರೆಯಿಂದ ಬಿಗಿಯಬೇಕು. ಅದರ ಎರಡು ತುದಿಗಳೂ ಗೋಡೆಯೊಳಗೆ ಮುಕ್ಕಾಲು ಅಡಿ ಹೋಗಿರಬೇಕು. ಗಾರೆ ಗಟ್ಟಿಯಾದ ಮೇಲೆ ಒಳ ಅರ್ಧವನ್ನೂ ಹಾಗೆಯೇ ಮಾಡಬೇಕು. ಅದೂ ಗಟ್ಟಿಯಾದ ಅನಂತರವಷ್ಟೇ ಕೆಳಗಿನ ಮಣ್ಣನ್ನು ಹಾರೆಯಿಂದ ನಿಧಾನವಾಗಿ ತೆಗೆಯಬೇಕು. ಗೋಡೆಯಲ್ಲಿ ಬಿರುಕು, ಉಬ್ಬು ಅಥವಾ ಗೆದ್ದಲಿದ್ದರೆ ಈ ಕೆಲಸವನ್ನು ಅನುಭವಿ ಗಾರೆ ಕೆಲಸದವರಿಗೇ ಬಿಡತಕ್ಕದ್ದು. ಒಂದೂವರೆ ಅಡಿ ದಪ್ಪದ ಗೋಡೆಯಲ್ಲಿ ಕಿಟಕಿಯ ಪಕ್ಕಗಳನ್ನು ಒಳಮುಖವಾಗಿ ಅಗಲಿಸಿ ಓರೆ ಮಾಡಿ ಸುಣ್ಣ ಬಳಿದರೆ ಸಣ್ಣ ಕಿಟಕಿಯೂ ಹೆಚ್ಚು ಬೆಳಕು ಕೊಡುತ್ತದೆ.

ಒಲೆ ಆಗ್ನೇಯ ಮೂಲೆಯಲ್ಲೇ ಇರಬೇಕೆಂದು ಹಿರಿಯರು ಬಯಸಿದರೆ ಅದನ್ನು ಅಲ್ಲೇ ಬಿಡಲು ಅಡ್ಡಿಯಿಲ್ಲ. ಕಿಂಡಿ ಎಲ್ಲಿರಬೇಕೆಂಬುದನ್ನು ಮಾತ್ರ ಗಾಳಿಯನ್ನು ಕೇಳಿ ತೀರ್ಮಾನಿಸಬೇಕು. ಬೆಳಿಗ್ಗೆ ಮತ್ತು ಸಂಜೆ ಅಡಿಗೆಯ ಹೊತ್ತಿನಲ್ಲಿ ಕೋಣೆಯ ನಾಲ್ಕು ಕಡೆ ಊದುಬತ್ತಿ ಹಚ್ಚಿಟ್ಟು ನೋಡಿದರೆ ಹೊಗೆ ಎತ್ತ ಸರಿಯುತ್ತದೆ, ಎಲ್ಲಿ ತಂಗುತ್ತದೆ ಎಂಬುದು ತಿಳಿಯುತ್ತದೆ. ತಂಗುವ ಕಡೆ, ಚಾವಣಿಗೆ ಹತ್ತಿರವಾಗಿ, ಕಿಂಡಿ ಬೇಕು.

ಕಟ್ಟೆಯ ಎತ್ತರ

ನಿಂತು ಅಡಿಗೆ ಮಾಡುವ ಕಟ್ಟೆಯನ್ನು ಈಗ ಎಲ್ಲರೂ ಬಯಸುತ್ತಾರೆ. ಆದರೆ ಕಟ್ಟುವವನು ತನ್ನ ಅಳತೆಗೆ ಕಟ್ಟಿ ಹೋಗುತ್ತಾನೆ, ಅಡಿಗೆ ಮಾಡುವವಳು ಉಳಿದ ಕಾಲವೆಲ್ಲ ಭುಜ ಎತ್ತಿ ದುಡಿಯುತ್ತಾಳೆ. ಅಳತೆ ತೆಗೆಯುವ ರೀತಿ ಸರಳ. ಹೆಚ್ಚು ಅಡಿಗೆ ಮಾಡುವ ಹೆಂಗಸು ಬರಿಗಾಲಲ್ಲಿ ನೇರವಾಗಿ ನಿಂತು ಮೊಣಕೈ ಮಡಿಸಬೇಕು. ಮೊಣಕೈಗಿಂತ 4 ರಿಂದ 6 ಅಂಗುಲ ಕೆಳಗೆ ಹೆಚ್ಚುವ, ನಾದುವ ಕಟ್ಟೆಯ ಮೇಲ್ಮೈ ಇರಬೇಕು. ಐದು ಅಡಿ ಎತ್ತರದ ಹೆಂಗಸಿಗೆ ಇದು ಸುಮಾರು 32 ಅಂಗುಲವಾಗುತ್ತದೆ.

ಒಲೆ ಇಡುವ ಜಾಗದ ಲೆಕ್ಕ ಬೇರೆ. 32 ಅಂಗುಲದ ಕಟ್ಟೆಯ ಮೇಲೆ 5 ಅಂಗುಲದ ಅನಿಲ ಒಲೆ, ಅದರ ಮೇಲೆ 9 ಅಂಗುಲದ ಪಾತ್ರೆ ಇಟ್ಟರೆ ಬಾಯಿ 46 ಅಂಗುಲಕ್ಕೆ ಏರುತ್ತದೆ, ಎಂದರೆ ಹೆಚ್ಚುಕಡಿಮೆ ಭುಜದ ಮಟ್ಟ. ಸಾರು ಕುದಿಸುವುದಕ್ಕೆ ಹೇಗೋ ನಡೆದೀತು. ರಾಗಿ ಮುದ್ದೆಯನ್ನು ಈ ಎತ್ತರದಲ್ಲಿ ಕೋಲು ಹಾಕಿ ತಿರುವುವುದು ಸಾಧ್ಯವೇ ಇಲ್ಲ. ಅದಕ್ಕಾಗಿಯೇ ಎಷ್ಟೋ ಮನೆಗಳಲ್ಲಿ ಹೊಸ ಕಟ್ಟೆ ಸಾಮಾನಿಡುವ ಜಾಗವಾಗಿ, ಮುದ್ದೆ ಮಾತ್ರ ನೆಲದ ಮೇಲೆಯೇ ಆಗುತ್ತಿದೆ. ಒಲೆಯ ಭಾಗವನ್ನು 26 ಅಂಗುಲಕ್ಕೆ ತಗ್ಗಿಸಿದರೆ ಪಾತ್ರೆಯ ಬಾಯಿ 40 ಅಂಗುಲದಲ್ಲಿ ನಿಂತು ತೋಳಿನ ಬಲವೂ ಮೈಭಾರವೂ ಕೋಲಿಗೆ ಸಿಗುತ್ತವೆ. ಸಿಲಿಂಡರಿನ ಎತ್ತರವನ್ನು ನೋಡಿಕೊಂಡು, ಅದಕ್ಕಿಂತ ತಗ್ಗಿಸದಿರುವುದು ಲೇಸು. ಜೋಳದ ರೊಟ್ಟಿಯ ಸೀಮೆಯಲ್ಲಿ ಕುಳಿತು ಬಡಿಯುವುದೇ ರೂಢಿ, ಅದರಲ್ಲಿ ತಪ್ಪೇನೂ ಇಲ್ಲ. ಅಂಥವರು ಒಲೆಯ ಬಳಿ ಬೆನ್ನಿಗೆ ಗೋಡೆಯ ಆಸರೆ ಸಿಗುವಂತೆ ಅರ್ಧ ಅಡಿ ಎತ್ತರದ ಮಣೆ ಹಾಕಿಕೊಂಡರೆ ಸಾಕು.

ಎರಡು ಮಟ್ಟದ ಕಟ್ಟೆಯನ್ನು ಹೀಗೆ ಕಟ್ಟಬಹುದು. ಆರು ಅಡಿ ಉದ್ದ, ಎರಡು ಅಡಿ ಅಗಲದ ಎತ್ತರದ ಭಾಗಕ್ಕೆ ಮೂರು ಕಿರುಗೋಡೆ, ಅದರ ಪಕ್ಕದಲ್ಲಿ ಎರಡೂವರೆ ಅಡಿ ಉದ್ದದ ಒಲೆಯ ಭಾಗಕ್ಕೆ ಎರಡು ಕಿರುಗೋಡೆ. ಎಲ್ಲವೂ ಅರ್ಧ ಇಟ್ಟಿಗೆ ದಪ್ಪ, ಎಂದರೆ ನಾಲ್ಕೂವರೆ ಅಂಗುಲ. ಸೆಗಣಿ ಸಾರಿಸಿದ ನೆಲದ ಮೇಲೆ ನೇರವಾಗಿ ಕಟ್ಟದೆ, ಅರ್ಧ ಅಡಿ ಅಗೆದು ಜಲ್ಲಿ ತುಂಬಿ ದಮ್ಮಸು ಮಾಡಬೇಕು. ಮೂರು ಅಂಗುಲದ ಸಾಲಿನಂತೆ ಎತ್ತರದ ಭಾಗಕ್ಕೆ ಹತ್ತು ಸಾಲು, ತಗ್ಗಿನ ಭಾಗಕ್ಕೆ ಎಂಟು ಸಾಲು ಇಟ್ಟಿಗೆ. ಮೇಲೆ ಒಂದೂವರೆ ಅಂಗುಲ ದಪ್ಪದ ಶಹಾಬಾದ್ ಅಥವಾ ಕಡಪ ಕಲ್ಲನ್ನು ಗಾರೆಯ ಹಾಸಿನ ಮೇಲೆ ಕೂರಿಸಿದರೆ ಬೇಕಾದ ಎತ್ತರ ಬರುತ್ತದೆ. ಒಡಕು ಸೇರಿ 130 ಇಟ್ಟಿಗೆ, ಒಂದಕ್ಕೆ ಆರು ಪಾಲು ಮರಳು ಬೆರೆಸಿದ ಗಾರೆಗೆ ಅರ್ಧದಿಂದ ಮುಕ್ಕಾಲು ಚೀಲ ಸಿಮೆಂಟು, ಮೂರು ಚಪ್ಪಡಿ ಇಷ್ಟೇ ಸಾಮಾನು. ಹಳೆಯ ಗೋಡೆ ಕೆಡವಿದ ಇಟ್ಟಿಗೆ ಗಟ್ಟಿಯಾಗಿದ್ದರೆ ಅದೂ ಆದೀತು. ಮೂರು ಅಡಿಗೆ ಎರಡು ಅಡಿಯ ಒಂದು ಚಪ್ಪಡಿ ಸುಮಾರು 55 ಕಿಲೋ ತೂಗುವುದರಿಂದ ಒಬ್ಬರೇ ಎತ್ತಬಾರದು. ಎರಡು ಚಪ್ಪಡಿಗಳ ಕೂಡು ಸರಿಯಾಗಿ ನಡುಗೋಡೆಯ ಮೇಲೆಯೇ ಬರಬೇಕು. ಕಲ್ಲನ್ನು ಗೋಡೆಗಿಂತ ಮೂರು ಅಂಗುಲ ಮುಂದಕ್ಕೆ ಚಾಚಿದರೆ ನಿಲ್ಲುವಾಗ ಕಾಲ್ಬೆರಳಿಗೆ ಜಾಗ ಸಿಗುತ್ತದೆ. ರಸಮಟ್ಟವಿಲ್ಲದಿದ್ದರೆ ತಟ್ಟೆಯಲ್ಲಿ ನೀರು ಇಟ್ಟು ಮಟ್ಟ ನೋಡಬಹುದು. ಏಳು ದಿನ ನೀರುಣಿಸಿದ ಮೇಲೆಯೇ ಭಾರ ಹೇರಬೇಕು.

ಗೋಡೆ

ಮಣ್ಣಿನ ಗೋಡೆಗೆ ಸಿಮೆಂಟು ಗಿಲಾವು ಮಾಡಿಸುವುದು ಈಗಿನ ಚಾಳಿ. ಸಿಮೆಂಟು ಮಣ್ಣಿಗೆ ಅಂಟುವುದಿಲ್ಲ. ಒಳಗಿನ ತೇವ ಹೊರಬರಲಾಗದೆ ಒಂದೆರಡು ಮಳೆಗಾಲದಲ್ಲಿ ಗಿಲಾವು ಹಲ್ಲೆ ಹಲ್ಲೆಯಾಗಿ ಕಳಚುತ್ತದೆ. ಮಣ್ಣು ಅಥವಾ ಸುಣ್ಣದ ಗಿಲಾವೇ ಇಂಥ ಗೋಡೆಗೆ ಸರಿ.

ಮಸಿಯ ಮೇಲೆಯೇ ಸುಣ್ಣ ಬಳಿದರೆ ಹಳದಿ ಕಲೆ ಮತ್ತೆ ಮೇಲೇಳುತ್ತದೆ. ಮೊದಲು ಒಣ ಪೊರಕೆಯಿಂದ ಕೆರೆದು, ವಾಷಿಂಗ್ ಸೋಡ ಬೆರೆಸಿದ ಬಿಸಿನೀರಿನಲ್ಲಿ ತೆಂಗಿನ ನಾರು ಅದ್ದಿ ಉಜ್ಜಬೇಕು. ಸುಡು ಸುಣ್ಣವನ್ನು ನೀರಿನಲ್ಲಿ ಒಂದು ದಿನ ಅರಳಲು ಬಿಟ್ಟು, ಕಿಲೋಗೆ ಸುಮಾರು 5 ಲೀಟರ್ ನೀರಿನಂತೆ ತೆಳುವು ಮಾಡಿ ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಗೋಂದು ಬೆರೆಸಿ ಮೂರು ಸಲ ತೆಳುವಾಗಿ ಬಳಿಯಬೇಕು. ಅರಳುವ ಸುಣ್ಣ ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋದೀತು. ಮಕ್ಕಳನ್ನು ದೂರವಿಟ್ಟು, ಪ್ಲಾಸ್ಟಿಕ್ ಬಕೆಟಿನ ಬದಲು ಹಳೆಯ ಕಬ್ಬಿಣದ ಡ್ರಮ್ಮಿನಲ್ಲಿ ಅರಳಿಸಬೇಕು. ವಿದ್ಯುತ್ ತಂತಿಯ ಕೆಲಸವನ್ನು ಮಾತ್ರ ಪರವಾನಗಿ ಇದ್ದವರಿಂದಲೇ ಮಾಡಿಸಬೇಕು. ಅದು ಸ್ವಂತ ದುಡಿಮೆಯ ಕೆಲಸವಲ್ಲ.

ನೀರು ಬರುವುದು, ಹೋಗುವುದು

ನಲ್ಲಿ ಒಳಗೆ ಬರದ ಮನೆಯಲ್ಲಿ ಮೂರು ಅಡಿ ಎತ್ತರದ ಕಟ್ಟೆಯ ಮೇಲೆ ತಳದಲ್ಲಿ ನಲ್ಲಿ ಕೂರಿಸಿದ ಮುಚ್ಚಳದ ಡ್ರಮ್ ಇಟ್ಟು, ದಿನಕ್ಕೊಮ್ಮೆ ತುಂಬಿಕೊಂಡರೆ ಪ್ರತಿ ಸಲ ಕೊಡ ಬಗ್ಗಿಸುವುದು ತಪ್ಪುತ್ತದೆ. ಅದರ ಕೆಳಗೆ ತೊಳೆಯುವ ತೊಟ್ಟಿ, ತೊಟ್ಟಿಯಿಂದ ಎರಡು ಅಂಗುಲದ ಕೊಳವೆ ಹೊರಕ್ಕೆ.

ಹೊರಬಂದ ನೀರು ಬಾಗಿಲ ಬಳಿ ನಿಂತರೆ ಸೊಳ್ಳೆ ಹೆಚ್ಚುತ್ತದೆ, ಮಣ್ಣಿನ ಗೋಡೆಯ ಬುಡವೂ ಕರಗುತ್ತದೆ. ಹಿತ್ತಿಲಲ್ಲಿ ಬಾಳೆ, ಕೆಸು, ನುಗ್ಗೆ ಇದ್ದರೆ ಕಾಲುವೆ ತೋಡಿ ಅತ್ತ ಹರಿಸುವುದು ಎಲ್ಲಕ್ಕಿಂತ ಅಗ್ಗ. ಜಾಗವಿಲ್ಲದವರು ಗೋಡೆಯಿಂದ ಹತ್ತು ಅಡಿ, ಕುಡಿಯುವ ನೀರಿನ ಬಾವಿಯಿಂದ 50 ಅಡಿ ದೂರದಲ್ಲಿ ಮೂರು ಅಡಿ ಉದ್ದ, ಅಗಲ, ಆಳದ ಇಂಗುಗುಂಡಿ ತೆಗೆಯಬೇಕು. ತಳಕ್ಕೆ ದಪ್ಪ ಕಲ್ಲು, ಮೇಲೆ ಬರಬರುತ್ತ ಸಣ್ಣ ಕಲ್ಲು ತುಂಬಬೇಕು. ತಳದಲ್ಲಿ ತೂತುಗಳಿರುವ ಮಡಕೆಯೊಳಗೆ ತೆಂಗಿನ ನಾರು ಹಾಕಿ ಗುಂಡಿಯ ಬಾಯಲ್ಲಿಟ್ಟರೆ ಅನ್ನದ ಅಗಳು, ಜಿಡ್ಡು ಅಲ್ಲೇ ತಡೆಯುತ್ತವೆ. ಎರೆ ಭೂಮಿಯಲ್ಲಿ ನೀರು ಇಂಗುವುದು ನಿಧಾನ, ಅಲ್ಲಿ ಗಿಡಗಳಿಗೆ ಹರಿಸುವುದೇ ದಾರಿ. ಮಡಕೆಯ ನಾರನ್ನು ಹದಿನೈದು ದಿನಕ್ಕೊಮ್ಮೆ ಬದಲಿಸಬೇಕು. ಗುಂಡಿ ಕಟ್ಟಿಕೊಂಡು ನೀರು ಮೇಲೆ ನಿಲ್ಲತೊಡಗಿದಾಗ ಕಲ್ಲುಗಳನ್ನು ತೆಗೆದು ತೊಳೆದು, ಬಿಸಿಲಿಗೆ ಒಣಗಿಸಿ, ಗುಂಡಿಯ ಪಕ್ಕಗಳನ್ನು ಗುದ್ದಲಿಯಿಂದ ಸ್ವಲ್ಪ ಕೆರೆದು ಮತ್ತೆ ತುಂಬಿದರೆ ಮೊದಲಿನಂತೆ ಇಂಗುತ್ತದೆ.